ಬಲಗಾಲಿನ ಗೇರು

ಹಿರಿಯೂರಿನಲ್ಲಿ ನಮ್ಮ ಪಕ್ಕದ ಮನೆಯವರು ತೆಂಗಿನಕಾಯಿ ವ್ಯಾಪಾರಿ. ಯಾವ ಬೈಕ್ ಕಂಡರೂ ಅವರದು ಒಂದೇ ಮಾತು: "ಕಾಲು ಒಪ್ಪಬೇಕಪ್ಪ." ಇಪ್ಪತ್ತು ವರ್ಷ ಓಡಿಸಿ, ಬಿಡಿಭಾಗ ಸಿಗದೆ ಮಾರಿದ ಅವರ ಬೈಕಿಗೆ ಗೇರು ಬಲಗಾಲಿಗಿತ್ತು, ಬ್ರೇಕು ಎಡಗಾಲಿಗೆ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಆ ಬೈಕಿನ ಕಂಪನಿಯೇ ಮತ್ತೆ ಚೇತರಿಸಿಕೊಂಡು ಹೊಸ ಕ್ರೂಸರ್ ಬೈಕ್ ತಂದಿತು. ನಾನೊಂದು ಕೊಂಡೆ. ಟೀ ಅಂಗಡಿ ಮುಂದೆ ಓಡಿಸಿ ನೋಡಿದವರೆಲ್ಲ ತೀರ್ಪು ಕೊಟ್ಟರು.

"ಸೀಟು ಸೋಫಾ ಇದ್ದಂಗೈತೆ," ಎಂದ ಒಬ್ಬ.

"ಆ ಹಳೇ ಸೌಂಡೇ ಇಲ್ಲ ಬಿಡ್ರಿ," ಎಂದ ಇನ್ನೊಬ್ಬ.

ನಮ್ಮ ನೆರೆಯವರು ಕೀ ತೆಗೆದುಕೊಂಡು, ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟರು. ತಿರುವಿನಲ್ಲಿ ಎಮ್ಮೆ ಅಡ್ಡ ಬಂತು. ಬ್ರೇಕೆಂದು ಎಡಗಾಲಲ್ಲಿ ಒತ್ತಿದ್ದು ಗೇರನ್ನು. ಇಬ್ಬರೂ ಜೋಳದ ಹೊಲದಲ್ಲಿ ಬಿದ್ದೆವು. ನನಗೆ ಹೊಸ ಗಾಡಿ ಬೀಳಿಸಿದರೆಂಬ ಸಿಟ್ಟು. ಅವರು ಎದ್ದು, ಟ್ಯಾಂಕಿನ ಮಣ್ಣನ್ನು ಪಂಚೆಯಂಚಿನಿಂದ ಒರೆಸಿ, "ಗಾಡಿ ಚೆನ್ನಾಗೈತಪ್ಪ. ನನ್ನ ಕಾಲು ಒಪ್ಪಲಿಲ್ಲ," ಎಂದು ಕೀ ಕೈಗಿಟ್ಟರು.

ಆಮೇಲೆ ಚಿತ್ರದುರ್ಗಕ್ಕೆ ನನ್ನ ಹಿಂದೆ ಕೂತು ಬರುತ್ತಿದ್ದರು. ಏರು ಬಂದಾಗ ಅವರ ಬಲಪಾದ ತಾನಾಗಿ ಅಲುಗಿ ನನ್ನ ಹಿಮ್ಮಡಿಗೆ ತಾಕುತ್ತಿತ್ತು. ಆಗಲೇ ನಾನು ಗೇರು ಇಳಿಸಿದರೆ ಎಂಜಿನ್ ಒಮ್ಮೆಯೂ ಏದುಸಿರು ಬಿಡುತ್ತಿರಲಿಲ್ಲ.

ಅವರೀಗ ಇಲ್ಲ. ಆ ಏರಿನಲ್ಲಿ ಹಿಮ್ಮಡಿಗೆ ಏನೋ ತಾಕಲೆಂದು ಕಾಯುತ್ತ, ಇವತ್ತಿಗೂ ನಾನು ಗೇರು ಇಳಿಸುವುದು ತಡವಾಗುತ್ತದೆ.