ಸಾಣೆ ಚಿಕ್ಕಮ್ಮನ ಲೈಸೆನ್ಸು

ಮನೆಯವರೆಲ್ಲ ಅವನನ್ನು ಆಡಿಟರ್ ಎಂದು ಕರೆಯುತ್ತಿದ್ದರು. ಅವನು ಆಡಿಟರ್ ಆಗಿರಲಿಲ್ಲ. ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ವೋಚರುಗಳಿಗೆ ಮೊಹರು ಒತ್ತುವ ಸಂಬಳದಾಳು. ಆದರೂ ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಆ ಜಂಬದಲ್ಲೇ ಒಮ್ಮೆ, ತೆರಿಗೆಯಲ್ಲಿ ಕಸುಬಿನ ಖರ್ಚೆಂದು ತೋರಿಸಿದರೆ ಅಷ್ಟೂ ದುಡ್ಡು ಸರ್ಕಾರದಿಂದ ವಾಪಸು ಬರುತ್ತದೆ ಎಂದು ನಂಬಿ, ಚಿಕ್ಕಮ್ಮನಿಂದ ಗಿರ್ರನೆ ತಿರುಗುವ ಕುರ್ಚಿಯೊಂದನ್ನು ಕೊಳ್ಳಿಸಿದ. ಪುಕ್ಕಟೆ ಸಿಕ್ಕಿತು ಅಂತಲೇ ತಿಳಿದುಕೋ ಎಂದು ಅಭಯವನ್ನೂ ಕೊಟ್ಟಿದ್ದ. ಖರ್ಚನ್ನು ಆದಾಯದಲ್ಲಿ ಕಳೆದು ಉಳಿದದ್ದಕ್ಕೆ ತೆರಿಗೆ ಹಾಕುತ್ತಾರೆಯೇ ಹೊರತು ಕುರ್ಚಿಯ ಬೆಲೆಯನ್ನು ಯಾರೂ ಮನೆಗೆ ತಂದು ಕೊಡುವುದಿಲ್ಲ ಎಂದು ಅವನಿಗೆ ಗೊತ್ತಾಗುವಷ್ಟರಲ್ಲಿ ಚಿಕ್ಕಪ್ಪ ಅದರಲ್ಲಿ ಕೂತು ಟೀವಿ ನೋಡುವುದಕ್ಕೆ ಒಗ್ಗಿಹೋಗಿದ್ದ. ಚಿಕ್ಕಮ್ಮನಿಗಂತೂ ಅದು ಬೇಕೇ ಇರಲಿಲ್ಲ. ಅವಳು ಸಾಣೆ ಹಿಡಿಯುವುದು ನಿಂತುಕೊಂಡು.

ಹಗಲು ಅವಳಿಗೆ ಗ್ರಂಥಾಲಯದ ಕೌಂಟರಿನಲ್ಲಿ ನೌಕರಿ. ಸಂಜೆ ಬಂದು ಮುಖ ತೊಳೆದು, ತೋಳು ಮಡಿಸಿ, ಹಿತ್ತಲ ಕಡೆಯ ಸಣ್ಣ ಕೋಣೆಗೆ ಹೊಕ್ಕರೆ ಎರಡು ತಾಸು ಸಾಣೆಕಲ್ಲಿನ ಸದ್ದು. ಸುತ್ತಲಿನ ದರ್ಜಿಗಳ, ಕ್ಷೌರದಂಗಡಿಯವರ ಕತ್ತರಿಗಳೆಲ್ಲ ಅವಳ ಬಳಿಗೇ ಬರುತ್ತಿದ್ದವು. ಒಂದೊಂದಕ್ಕೂ ದಾರ ಕಟ್ಟಿದ ಚೀಟಿ. ಚೀಟಿಯ ಮೇಲೆ ಗ್ರಂಥಾಲಯದ ಪುಸ್ತಕಕ್ಕಿದ್ದಂತೆ ತಾರೀಖಿನ ಮುದ್ರೆ. ತಡವಾಗಿ ಬಂದವರಿಗೆ ದಂಡವಿರಲಿಲ್ಲ, ಗಂಟಿಕ್ಕಿದ ಮುಖವಿತ್ತು. ಮಸೆದ ಕತ್ತರಿಯನ್ನು ಒದ್ದೆ ಬಟ್ಟೆಯ ಚಿಂದಿಯ ಮೇಲೆ ಆಡಿಸಿ, ತುದಿಯವರೆಗೂ ಸಲೀಸಾಗಿ ಹೋಯಿತೇ ಎಂದು ನೋಡಿ, ಮಗ್ಗುಲು ತಿರುಗಿಸಿ ಇನ್ನೊಮ್ಮೆ ನೋಡುವಳು. ‘ಹರಿತವಾಗಿದೆ’ ಎಂದು ಬೇರೆಯವರು ಹೇಳಿದ್ದು ಅವಳ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಉಪಕಸುಬು ಮಾಡುವುದಾದರೆ ಲೈಸೆನ್ಸು ಇರಲೇಬೇಕು, ಇಲ್ಲದಿದ್ದರೆ ನೌಕರಿಗೇ ಕುತ್ತು ಎಂದು ಗ್ರಂಥಾಲಯದವರು ಹೇಳಿದಾಗ ಅರ್ಜಿ ಬರೆದವನು ಆಡಿಟರ್. ಲೈಸೆನ್ಸು ಕಚೇರಿಯ ಸಾಲಿನಲ್ಲಿ ಅರ್ಧ ದಿನ ನಿಂತು ಮೊಹರು ಬಿದ್ದ ಹಳದಿ ಕಾಗದವೊಂದನ್ನು ತಂದ. ಗಾಜಿನ ಚೌಕಟ್ಟು ಹಾಕಿಸಿ, ತಾನೇ ಮೊಳೆ ಹೊಡೆದು, ಸಾಣೆಯ ಕೋಣೆಯಲ್ಲಿ ನೇತುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ಕಣ್ತುಂಬ ನೋಡಿದ. ಮೊಹರು ಕಂಡರೆ ಸಾಕು, ಕೆಳಗೆ ಬರೆದದ್ದನ್ನು ಓದದಿರುವುದು ಅವನ ಕೆಲಸ ಕಲಿಸಿದ ಚಾಳಿ.

ಎರಡು ವರ್ಷ ಕಳೆದ ಮೇಲೆ ಆ ಕಚೇರಿಯಿಂದ ನೋಟೀಸು ಬಂತು. ಮುಂದಿನ ಗುರುವಾರ ಸಂಜೆ ತಪಾಸಣೆ. ಲೈಸೆನ್ಸು ಮತ್ತು ತೆರಿಗೆಗೆ ಕೊಟ್ಟ ಖರ್ಚಿನ ಪಟ್ಟಿ ಸಿದ್ಧವಿರಬೇಕು. ಚಿಕ್ಕಮ್ಮ ಅದನ್ನು ಓದಿ ಫ್ರಿಜ್ಜಿನ ಮೇಲಿಟ್ಟಳು. ಆಡಿಟರ್ ಚೌಕಟ್ಟಿನ ಗಾಜು ಒರೆಸಲು ಹೋದ, ಮತ್ತು ಮೊದಲ ಸಲ ಕಾಗದದ ಕೊನೆಯ ಸಾಲನ್ನು ಓದಿದ: ‘ಇದು ಅರ್ಜಿ ಸ್ವೀಕರಿಸಿದ ರಸೀದಿ ಮಾತ್ರ. ಇದನ್ನು ಲೈಸೆನ್ಸು ಎಂದು ಪರಿಗಣಿಸತಕ್ಕದ್ದಲ್ಲ.’

ದಂಡವನ್ನಾದರೆ ಸಂಬಳದಲ್ಲಿ ಕಂತು ಕಟ್ಟಿ ತೀರಿಸಬಹುದು. ಸಾಣೆಕಲ್ಲು ನಿಂತರೆ? ಅದರ ಹಿಂದೆಯೇ ಗ್ರಂಥಾಲಯದ ಕೆಲಸವೂ ಹೋದರೆ? ಆ ವಾರ ಚಿಕ್ಕಮ್ಮನಿಗೆ ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದ. ಪ್ರತಿ ಸಲವೂ ಬಾಯಿಂದ ಹೊರಟದ್ದು ಒಂದು ಲೋಟ ನೀರು ಕೊಡು ಎಂಬ ಮಾತು. ಇವನಿಗೆ ನೀರಿನ ಬಿಲ್ಲು ಬೇರೆ ಹಾಕಬೇಕು ಎಂದು ಚಿಕ್ಕಪ್ಪ ಕುರ್ಚಿಯಿಂದಲೇ ಕುಟುಕಿದ.

ಗುರುವಾರ ಅಧಿಕಾರಿ ಸಾಣೆಯ ಕೋಣೆಗೆ ಬಂದರು. ಮೊದಲು ಖರ್ಚಿನ ಪಟ್ಟಿ ನೋಡಿದರು: ಕಲ್ಲು, ಬೆಲ್ಟು, ಎಣ್ಣೆ, ಆ ಒಂದು ಕೋಣೆಯ ಪಾಲಿನ ಕರೆಂಟು. ನಡುವೆ ಒಂದು ಸಾಲಿಗೆ ಗೀಟು ಬಿದ್ದಿತ್ತು. ಕುರ್ಚಿಯ ಸಾಲನ್ನೇಕೆ ಹೊಡೆದುಹಾಕಿದ್ದೀರಿ ಎಂದು ಕೇಳಿದರು.

“ಅದರಲ್ಲಿ ನಮ್ಮನೆಯವರು ಕೂತು ಟೀವಿ ನೋಡ್ತಾರೆ,” ಎಂದಳು ಚಿಕ್ಕಮ್ಮ. “ಸಾಣೆಗೂ ಅದಕ್ಕೂ ಏನ್ ಸಂಬಂಧ?”

ಹೊರಗಿನ ಕೋಣೆಯಲ್ಲಿ ಟೀವಿಯ ಸದ್ದು ತಟ್ಟನೆ ಕಡಿಮೆಯಾಯಿತು.

ಅಧಿಕಾರಿ ಗೋಡೆಯ ಕಡೆ ತಿರುಗಿ, ಕನ್ನಡಕ ಸರಿಪಡಿಸಿಕೊಂಡು, ಬಗ್ಗಿ ಓದಿದರು. “ಇದು ರಸೀದಿ ಅಲ್ವಾ ಮೇಡಂ?”

ತಪ್ಪು ತನ್ನದು ಎನ್ನಲು ಆಡಿಟರ್ ಬಾಯಿ ತೆರೆದ. ಈ ಸಲ ನೀರು ಎನ್ನುವುದಕ್ಕೂ ಆಗಲಿಲ್ಲ. ಅಷ್ಟರಲ್ಲಿ ಚಿಕ್ಕಮ್ಮ ಚೌಕಟ್ಟನ್ನು ಇಳಿಸಿ, ಮೇಜಿನ ಮೇಲೆ ಬೋರಲು ಹಾಕಿ, ಹಿಂಬದಿಯ ರಟ್ಟು ತೆಗೆದಳು. ರಸೀದಿಯ ಬೆನ್ನಿಗೆ ಎರಡು ಹಾಳೆ ಮಡಿಕೆ ಬೀಳದೆ ಮಲಗಿದ್ದವು: ಲೈಸೆನ್ಸು, ಈ ವರ್ಷದ ನವೀಕರಣ.

ಅಧಿಕಾರಿ ಎರಡನ್ನೂ ನೋಡಿ ಸಹಿ ಹಾಕಿದರು. ಹಿಂದಿರುವುದನ್ನು ಮುಂದೆ ಹಾಕಿ, ಕಾಣಲಿ ಎಂದು ಹೇಳಿ ಹೊರಟುಹೋದರು.

ಆಡಿಟರ್ ಹೊರಗಿನ ಕೋಣೆಗೆ ಬಂದ. ಚಿಕ್ಕಪ್ಪ ಎದ್ದು ಜಾಗ ಬಿಟ್ಟುಕೊಟ್ಟ. ವಾರದಿಂದ ಎದೆಯ ಮೇಲೆ ಕೂತಿದ್ದ ಭಾರವೆಲ್ಲ ಇಳಿದು, ಅವನನ್ನು ಹೊತ್ತ ಕುರ್ಚಿ ಅರ್ಧ ಸುತ್ತು ತಿರುಗಿ ನಿಂತಿತು. ನಗು ಬಂತು, ಹಸಿವೂ ಬಂತು. ಇದನ್ನು ಯಾವಾಗ ಮಾಡಿಸಿದೆ ಎಂದು ಅಲ್ಲಿಂದಲೇ ಕೂಗಿ ಕೇಳಿದ.

“ನೀನು ತಂದ ದಿನವೇ ಓದಿದ್ದೆ. ಮಾರನೇ ತಿಂಗಳು ಹೋಗಿ ತಂದೆ. ನೀನು ಅಷ್ಟು ಖುಷಿಯಿಂದ ನೇತುಹಾಕಿದ್ದೆಯಲ್ಲ, ಅದಕ್ಕೇ ಹಿಂದೆ ಇಟ್ಟೆ.”

ಅವನು ಎದ್ದು ಬಂದು ಸಾಣೆಯ ಕೋಣೆಯ ಬಾಗಿಲಲ್ಲಿ ನಿಂತ. “ಹಾಗಾದ್ರೆ ನನ್ನ ಕೆಲಸದ ಮೇಲೆ ನಿಂಗೆ ನಂಬಿಕೆನೇ ಇರಲಿಲ್ವಾ ಚಿಕ್ಕಮ್ಮ?”

ಅವಳು ಕತ್ತರಿಯೊಂದನ್ನು ಒದ್ದೆ ಚಿಂದಿಯ ಮೇಲೆ ತುದಿಯವರೆಗೂ ಓಡಿಸಿ, ಮಗ್ಗುಲು ತಿರುಗಿಸಿದಳು.

“ಇರಲಿಲ್ಲ ಕಣೋ. ಮೊಳೆ ಮಾತ್ರ ನೀನು ನೆಟ್ಟಗೆ ಹೊಡೆದಿದ್ದೆ.”