ಪಟ್ಟಿಯಲ್ಲಿ ಉಳಿದ ಗುರುಬಾಯಿ

ವಡಾಲದ ತಿರುಮಲೇಶರಿಗೆ ಬೇಡದ ವಸ್ತು ಕಂಡರಾಗದು. ಹಳೆಯ ಡಬ್ಬಿಯೊಂದನ್ನು ಉಳಿಸಿಕೊಳ್ಳಬೇಕಾದರೆ ಹೆಂಡತಿ ಸುಮಿತ್ರಾ ಅದನ್ನು ಅವರ ಕಣ್ಣಿಗೆ ಬೀಳದ ಹಾಗೆ ಮಂಚದ ಕೆಳಗೆ ತಳ್ಳಬೇಕಾಗಿತ್ತು. ಇಂಥವರ ಕೈಗೆ, ತೊಂಬತ್ತೊಂದನೇ ಇಸವಿಯಲ್ಲಿ, ಪವಾಯಿಯ ಪಂಪು ಕಂಪನಿಯವರು ಹೊಸ ಸರ್ವರಿನ ಬಳಕೆದಾರರ ಪಟ್ಟಿಯನ್ನು ಒಪ್ಪಿಸಿದರು. ಮೈಸೂರಿನಿಂದ ಬಂದು ಇಪ್ಪತ್ತು ವರ್ಷ ಅಲ್ಲಿನ ಹಾಜರಿ ಪುಸ್ತಕ ನೋಡಿಕೊಂಡಿದ್ದ ಮನುಷ್ಯ. ಹೆಸರು ಕಾಯಲು ಇವರಿಗಿಂತ ಬೇಕೆ?

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಕಂಪ್ಯೂಟರಿನ ಮುಂದೆ ಕೂತವರು ತಮ್ಮ ಹೆಸರು, ಪಾಸ್‌ವರ್ಡ್ ಒತ್ತಿದರೆ ಸರ್ವರ್ ಒಳಗೆ ಬಿಡುತ್ತಿತ್ತು. ಅವರವರ ಫೈಲು ಅವರವರ ಹೆಸರಿನ ಕೆಳಗೆ. ಹೊಸಬರನ್ನು ಸೇರಿಸಬೇಕು, ಹೋದವರನ್ನು ತೆಗೆಯಬೇಕು. ತೊಂಬತ್ತು ದಿನ ಬಳಸದ ಹೆಸರನ್ನು ಫೈಲುಗಳ ಸಮೇತ ಅಳಿಸಬೇಕೆಂಬ ನಿಯಮ ತಿರುಮಲೇಶರದೇ. ಡಿಸ್ಕಿನಲ್ಲಿ ಜಾಗವಿಲ್ಲ ಎನ್ನುವುದು ನೆಪ; ಅಳಿಸುವುದೆಂದರೆ ಅವರಿಗೆ ಹಬ್ಬ. ಆದರೂ ಹಾಜರಿ ಪುಸ್ತಕದ ಕಾಲದ ಒಂದು ಅಭ್ಯಾಸ ಬಿಟ್ಟಿರಲಿಲ್ಲ. ನಾಲ್ಕು ಜನರನ್ನು ಕೇಳದೆ ಯಾರ ಹೆಸರನ್ನೂ ಹೊಡೆದುಹಾಕುತ್ತಿರಲಿಲ್ಲ.

ಮರುವರ್ಷದ ಒಂದು ಶುಕ್ರವಾರ ತೊಂಬತ್ತು ದಿನ ದಾಟಿದ ಹನ್ನೊಂದು ಹೆಸರು ಸಿಕ್ಕವು. ಹತ್ತು ಜನ ಕೆಲಸ ಬಿಟ್ಟವರೆಂದು ಮಧ್ಯಾಹ್ನದೊಳಗೆ ಖಾತ್ರಿಯಾಯಿತು. ಹನ್ನೊಂದನೆಯದು ಗುರುಬಾಯಿ. ನೂರಾ ಹನ್ನೆರಡು ದಿನದಿಂದ ಸುಳಿವಿಲ್ಲ, ಸಿಬ್ಬಂದಿಯ ಈಗಿನ ಯಾದಿಯಲ್ಲೂ ಹೆಸರಿಲ್ಲ. ಐದು ಗಂಟೆಗೆ ಎಲ್ಲವನ್ನೂ ಒಟ್ಟಿಗೆ ಅಳಿಸುವುದೆಂದುಕೊಂಡು, ಚಹಾ ತಂದಿಟ್ಟ ಪ್ಯೂನ್ ಖಂಡಪ್ಪನನ್ನು ಹಾಗೇ ಒಂದು ಮಾತು ಕೇಳಿದರು.

"ಗುರುಬಾಯಿ ಅಂದ್ರ ನಮ್ಮ ಸ್ಟೋರ್ಸಿನ ನೀಲಾಬಾಯೀನ ರೀ ಸಾಹೇಬ್ರ," ಎಂದ ಖಂಡಪ್ಪ. "ನಮ್ಮ ಬಿಜಾಪುರದ ಕಡೆ ಮದಿವ್ಯಾಗ ಗಂಡನ ಮನ್ಯಾವರು ಹೊಸಾ ಹೆಸರು ಇಡ್ತಾರ. ಪಾಪ, ತಿಂಗಳದೊಳಗ ಬಿಡಿಭಾಗದ ಯಾದಿ ಮುಗೀಲಿಲ್ಲಂದ್ರ ಆಕಿನ್ನ ಪರ್ಮನೆಂಟ್ ಮಾಡಂಗಿಲ್ಲಂತ."

ತಿರುಮಲೇಶರು ನಾಲಿಗೆ ಕಚ್ಚಿಕೊಂಡರು. ಅವರ ಮನೆಯಲ್ಲಿ ಸುಮಿತ್ರಾ ಮದುವೆಗೆ ಮುಂಚೆಯೂ ಸುಮಿತ್ರಾ, ಆಮೇಲೂ ಸುಮಿತ್ರಾ. ನೀಲಾಬಾಯಿ ಎಂಬ ಹೆಸರು ಸೇರಿಸಿ ಎಂದು ಚೀಟಿ ಬಂದಾಗ ಹೊಸಬಳೆಂದುಕೊಂಡು ಹೊಸ ಖಾತೆ ತೆರೆದಿದ್ದರು. ಆಮೇಲೊಂದು ದಿನ ಹೆಣ್ಣುದನಿಯೊಂದು ಫೋನಿನಲ್ಲಿ "ನನ್ನ ಫೈಲು ಕಾಣವಲ್ಲವು ರೀ" ಎಂದದ್ದೂ, "ಹೊಸ ಹೆಸರಿಗೆ ಹಳೇ ಫೈಲು ಎಲ್ಲಿಂದ ಬರತ್ತಮ್ಮ?" ಎಂದು ತಾವು ಫೋನ್ ಇಟ್ಟದ್ದೂ ನೆನಪಾಯಿತು. ಮೂಗಿನ ತುದಿಯ ಕೋಪ ಮಾಡಿದ ಕೆಲಸ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರಿಗೆ ನಿಜವಾಗಿ ನಾಚಿಕೆಯಾಯಿತು. ಚಹಾ ಅಲ್ಲೇ ಬಿಟ್ಟು ಸ್ಟೋರ್ಸಿನ ಶೆಡ್ಡಿಗೆ ನಡೆದರು.

ನೀಲಾಬಾಯಿ ಕಾರ್ಡುಗಳ ರಾಶಿಯ ನಡುವೆ ಕೂತು ಒಂದೊಂದೇ ನೋಡಿ ಟೈಪ್ ಮಾಡುತ್ತಿದ್ದಳು. ನಾಲ್ಕು ಸಾವಿರ ಬಿಡಿಭಾಗ. ಮದುವೆಗೆ ಮುಂಚೆ ಹೆಚ್ಚುಕಡಿಮೆ ಮುಗಿಸಿದ್ದ ಯಾದಿಯನ್ನು ರಜೆಯಿಂದ ಬಂದವಳು ಮತ್ತೆ ಮೊದಲಿನಿಂದ ಬರೆಯುತ್ತಿದ್ದಳು. ಇನ್ನೂ ಒಂಬೈನೂರು ದಾಟಿರಲಿಲ್ಲ.

"ಫೈಲಿನ ವಿಷಯ ಇನ್ನೊಂದು ಸಲ ಕೇಳ್ಬಾರ್ದಿತ್ತೇನಮ್ಮ?" ಎಂದರು ತಿರುಮಲೇಶರು.

"ಹೆಸರು ಬದಲಾದ ಮ್ಯಾಲ ಮೊದಲಿಂದು ಯಾವುದೂ ನಂದಲ್ಲ ಅಂತ ತಿಳಕೊಂಡೆ ರೀ ಸರ್. ಮನ್ಯಾಗೂ ಹಂಗ ಅಂದಿದ್ರು."

ತಿರುಮಲೇಶರು ಸ್ಟೂಲೊಂದನ್ನು ಎಳೆದುಕೊಂಡು ಅವಳೆದುರು ಕೂತರು. "ನಿನ್ನ ಯಾದಿ ಎಲ್ಲೂ ಹೋಗಿಲ್ಲ. ಹಾಗೇ ಇದೆ," ಎಂದರು. ಅವಳು ಕೈಯಲ್ಲಿದ್ದ ಕಾರ್ಡನ್ನು ಮೇಜಿನ ಮೇಲಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆದ್ರೆ ಒಬ್ಬರಿಗೆ ಒಂದೇ ಖಾತೆ. ಫೈಲನ್ನ ಯಾವುದಕ್ಕೆ ಬೇಕಾದ್ರೂ ಹಾಕಿಕೊಡ್ತೀನಿ. ಯಾವ ಹೆಸರು ಇರಲಿ?"

ಹೀಗೆಂದು ಅವಳನ್ನು ಈವರೆಗೆ ಯಾರೂ ಕೇಳಿರಲಿಲ್ಲವೇನೋ. ಮೆಲ್ಲಗೆ ಹೇಳಿದಳು: "ಗುರುಬಾಯಿ ಇರಲಿ ರೀ. ಅವ್ವ ಹೋದ ಮ್ಯಾಲ ಆ ಹೆಸರ್ಲೆ ಕರಿಯೋರು ಯಾರೂ ಉಳದಿಲ್ಲ."

ಐದು ಗಂಟೆಗೆ ತಿರುಮಲೇಶರು ಅಂದುಕೊಂಡಂತೆ ಹನ್ನೊಂದು ಹೆಸರನ್ನೂ ಅಳಿಸಿದರು. ಹನ್ನೊಂದನೆಯದು ಮಾತ್ರ ಈಗ ನೀಲಾಬಾಯಿ. ಕುರ್ಲಾದಲ್ಲಿ ಲೋಕಲ್ ರೈಲು ಹಿಡಿದು ಮನೆಗೆ ಹೋದರು. ಅಂದು ಮಂಚದ ಕೆಳಗಿನ ಡಬ್ಬಿಗಳು ಕಣ್ಣಿಗೆ ಬಿದ್ದರೂ ಏನೂ ಅನ್ನಲಿಲ್ಲ.

ಸೋಮವಾರ ಒಂಬತ್ತೂ ಐದಕ್ಕೆ, ಯಾರ್ಯಾರು ಒಳಗೆ ಬಂದಿದ್ದಾರೆಂದು ಪಟ್ಟಿ ತೆರೆದು ನೋಡಿದರು. ಗುರುಬಾಯಿ ಬಂದಿದ್ದಳು.