ನಾಲಬಂದ ಕಾಕಾ ಮುಚ್ಚಿದ ಮುಳ್ಳು

ಕಾಕಾನ ಎಡಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಕಸುಬು ಕಲಿಯುವಾಗ ಗುರಿತಪ್ಪಿದ ಸುತ್ತಿಗೆ ಅದನ್ನು ಕಿತ್ತುಕೊಂಡು ಹೋಗಿತ್ತಂತೆ. ಉಗುರಿದ್ದ ಜಾಗದ ಆ ಮೆತ್ತನೆಯ ಚರ್ಮವನ್ನು ಎತ್ತಿನ ಗೊರಸಿನ ಮೇಲೆ ಆಡಿಸಿ, ಎಲ್ಲಿ ಬಿಸಿ, ಎಲ್ಲಿ ನೋವು ಎಂದು ಹೇಳಿಬಿಡುತ್ತಿದ್ದರು.

ಎತ್ತಿನ ಕಾಲಿಗೆ ಲಾಳ ಕಟ್ಟುವುದು ಅವರ ಕಸುಬು. ಅಂಥವರಿಗೆ ನಮ್ಮ ಕಡೆ ನಾಲಬಂದ ಎನ್ನುತ್ತಾರೆ. ಎಪ್ಪತ್ತರ ದಶಕದ ಆ ದಿನಗಳಲ್ಲಿ ಅಣ್ಣಿಗೇರಿ ಪೇಟೆಯ ಬೇವಿನ ಮರದ ಕೆಳಗೆ ಎತ್ತಿನ ಚಕ್ಕಡಿಗಳ ಸಾಲು ಅವರಿಗಾಗಿ ಕಾಯುತ್ತಿತ್ತು. ಕಾಯಲೇಬೇಕಿತ್ತು, ಏಕೆಂದರೆ ಅವರದು ಅಷ್ಟು ನಿಧಾನ. ಎತ್ತನ್ನು ಹಗ್ಗ ಹಾಕಿ ಕೆಡವುವ ಮೊದಲು ಅದಕ್ಕೆ ನೀರು ಕುಡಿಸಬೇಕು. ಬಿದ್ದ ಎತ್ತಿನ ತಲೆಯ ಕೆಳಗೆ ತಮ್ಮ ಹೆಗಲ ವಸ್ತ್ರ ಮಡಚಿ ಇಡಬೇಕು. "ಬಿಸ್ಮಿಲ್ಲಾ" ಎನ್ನದೆ ಮೊದಲ ಮೊಳೆ ಇಳಿಯುತ್ತಿರಲಿಲ್ಲ. ನಮಾಜಿನ ಹೊತ್ತಾದರೂ ಕಟ್ಟಿದ ಎತ್ತನ್ನು ಬಿಚ್ಚದೆ ಎದ್ದು ಹೋಗುತ್ತಿರಲಿಲ್ಲ. ಅವಸರದವರು ರೇಗಿದರೆ ನಗುತ್ತಿದ್ದರು:

"ಮೂಕ ಪ್ರಾಣಿ ವಿಷಯದಾಗ ಅಲ್ಲಾಗ ಅಂಜರಿ ಅಂತ ಪೈಗಂಬರರು ಹೇಳ್ಯಾರ. ನಿಮಗ ಅಂಜಿ ಏನ ಮಾಡ್ಲಿ?"

ನನಗಾಗ ಇಪ್ಪತ್ತೆರಡು. ಮೈತುಂಬ ಸೊಕ್ಕು. ಕುಬಿಹಾಳದಲ್ಲಿ ಗೆಳೆಯನ ಮದುವೆಗೆ ಹೋಗುವ ಚಕ್ಕಡಿಗಳಲ್ಲಿ ನಮ್ಮದೇ ಮುಂದಿರಬೇಕೆಂಬ ಹುಚ್ಚು. ಅಪ್ಪ ಬೇಡವೆಂದರೂ ಕೇಳದೆ ಎತ್ತುಗಳನ್ನು ಓಡಿಸಿ ನೋಡಲು ಹೋಗಿ, ಬಿಳಿ ಎತ್ತಿನ ಕಾಲಿಗೆ ಜಾಲಿಮುಳ್ಳು ಚುಚ್ಚಿಸಿಕೊಂಡು ಬಂದೆ. ಮುಳ್ಳು ಕಿತ್ತೆನಾದರೂ ತುದಿ ಒಳಗೇ ಮುರಿದಿತ್ತು. ಅದು ನನಗೆ ಗೊತ್ತಿತ್ತು. ಹೇಳಿದರೆ ಅಪ್ಪನ ಬೈಗುಳ. ಮೇಲಾಗಿ ಗಾಯವಾದ ಕಾಲಿಗೆ ಕಾಕಾ ಹದಿನೈದು ದಿನ ಲಾಳ ಕಟ್ಟುವವರಲ್ಲ. ಲಾಳವಿಲ್ಲದೆ ಎತ್ತು ಓಡದು, ಮದುವೆ ತಪ್ಪಿದಂತೆಯೇ.

ಯಾರಿಗೂ ಹೇಳದೆ ಎತ್ತನ್ನು ಬೇವಿನ ಮರದ ಕೆಳಗೆ ಹೊಡೆದುಕೊಂಡು ಹೋದೆ. ಕಾಕಾನ ಹೆಬ್ಬೆರಳು ಸರಿಯಾಗಿ ಅಲ್ಲೇ ಬಂದು ನಿಂತಿತು.

"ತಮ್ಮಾ, ಇಲ್ಲಿ ಮುಳ್ಳಗಿಳ್ಳ ಮುರದೈತೇನು?"

"ಇಲ್ರಿ ಕಾಕಾ. ಹಳೇ ಗಾಯ ಅದು, ಮಾಯ್ದೈತಿ."

"ಖರೇ?"

"ಖರೇನರಿ."

ನಂಬಿದರು, ಲಾಳ ಕಟ್ಟಿದರು. ಮೊಳೆ ಇಳಿಯುವಾಗ ಎತ್ತು ನೋವಿಗೆ ಕೂಗಿದ್ದನ್ನು ನಾನು ಮೊದಲ ಸಲ ಕೇಳಿದ್ದು ಆವತ್ತು. ಕೇಳಿಯೂ ಮದುವೆಗೆ ಹೋದೆ, ಎಲ್ಲರಿಗಿಂತ ಮುಂದೆಯೇ ಹೋದೆ.

ತಿರುಗಿ ಬಂದ ನಾಲ್ಕೇ ದಿನಕ್ಕೆ ಕಾಲು ಬಾತು ಎತ್ತು ಮಲಗಿಬಿಟ್ಟಿತು. ಅಪ್ಪ ನನ್ನನ್ನೂ ಕರೆದುಕೊಂಡು ಪೇಟೆಗೆ ಹೋಗಿ, ಚಕ್ಕಡಿಯವರೆಲ್ಲರ ಎದುರು ಕೂಗಾಡಿದ.

"ಮೊಳಿ ಮಾಂಸಕ್ಕ ಹೊಡದಿಯಲ್ಲೋ! ಕಣ್ಣು ಹೋಗ್ಯಾವೇನು ನಿನಗ?"

ಕಾಕಾ ನನ್ನ ಮುಖವನ್ನು ಒಮ್ಮೆ ನೋಡಿದರು. ನಾನು ನೆಲ ನೋಡಿದೆ.

"ಮೊಳಿ ಹೊಡದಾವ ನಾನರಿ ಗೌಡ್ರ. ತಪ್ಪಾತು," ಎಂದರು.

ಮರುದಿನದಿಂದ ದಿನಾಲೂ ಒಂದು ಹರದಾರಿ ನಡೆದು ನಮ್ಮ ಕೊಟ್ಟಿಗೆಗೆ ಬರತೊಡಗಿದರು. ಲಾಳ ಬಿಚ್ಚಿ, ಬೇವಿನೆಲೆ ಕುದಿಸಿದ ನೀರಿನಿಂದ ಗಾಯ ತೊಳೆಯುತ್ತಿದ್ದರು. ಎರಡನೆಯ ದಿನ ಕೀವಿನ ಜೊತೆ ಮುಳ್ಳಿನ ತುದಿ ಹೊರಬಂತು. ಅಪ್ಪ ಹೊಲಕ್ಕೆ ಹೋಗಿದ್ದ. ಕಾಕಾ ಅದನ್ನು ಅಂಗೈ ಮೇಲಿಟ್ಟು ನನಗೆ ತೋರಿಸಿ, ನೀರು ಕಾಯುತ್ತಿದ್ದ ಒಲೆಗೆ ಹಾಕಿಬಿಟ್ಟರು.

"ಕಾಕಾ, ಅಪ್ಪಗ ಯಾಕ ಹೇಳಲಿಲ್ರಿ?" ಎಂದೆ.

"ಮತ್ತೊಬ್ಬರ ತಪ್ಪು ನಾವು ಮುಚ್ಚಿದ್ರ, ಕಯಾಮತ್ ದಿನ, ಎಲ್ಲಾರೂ ದೇವರ ಮುಂದ ನಿಲ್ಲೂ ದಿನ, ಅಲ್ಲಾ ನಮ್ಮ ತಪ್ಪು ಮುಚ್ಚತಾನಪಾ. ನನ್ನವೇನ ಕಡಿಮಿ ಅದಾವೇನು?" ಎತ್ತಿನ ಕುತ್ತಿಗೆ ಸವರಿದರು. "ನಾ ಹೇಳಂಗಿಲ್ಲ. ಹೇಳಬೇಕು ಅನಸಿದ ದಿನ ನೀನ ಹೇಳು."

ಹನ್ನೊಂದನೆಯ ದಿನ ಎತ್ತು ಸತ್ತಿತು. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಕಾ ಸಣ್ಣ ಮಗುವಿನಂತೆ ಅತ್ತರು. ನನಗೆ ಅಳಲೂ ಧೈರ್ಯವಾಗಲಿಲ್ಲ.

ಕಾಕಾನ ಮೊಳೆಗೆ ಎತ್ತು ಸತ್ತಿತೆಂಬ ಸುದ್ದಿ ಊರೂರಿಗೆ ಹಬ್ಬಿತು. ಬೇವಿನ ಮರದ ಕೆಳಗಿನ ಸಾಲು ಕರಗುತ್ತ ಒಂದೆರಡು ಚಕ್ಕಡಿಗೆ ಬಂತು, ಆಮೇಲೆ ಅವೂ ಇಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ನಾನು ಬಿತ್ತನೆ ಮುಗಿಸಿದೆ, ಸುಗ್ಗಿ ಮುಗಿಸಿದೆ, ಮದುವೆಯನ್ನೂ ಮಾಡಿಕೊಂಡೆ. ಹೇಡಿಗೆ ನೆವಗಳಿಗೇನು ಬರ! ಅಷ್ಟರಲ್ಲಿ ಕಾಕಾ ಅಣ್ಣಿಗೇರಿ ಬಿಟ್ಟು ಮಿಶ್ರಿಕೋಟಿಯ ಮಗಳ ಮನೆಗೆ ಹೋಗಿ ಸೇರಿದ್ದರು.

ಮೂರು ವರ್ಷದ ಮೇಲೆ ಒಂದು ದಿನ ಅಪ್ಪನೆದುರು ಬಾಯಿ ಬಿಟ್ಟೆ. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. "ಹೋಗು, ಅವರನ್ನ ಕರಕೊಂಡು ಬಾ. ಪ್ಯಾಟ್ಯಾಗ ಅಷ್ಟೂ ಮಂದಿ ಮುಂದ ಅವರ ಕಾಲಿಗೆ ಬೀಳತೇನಿ," ಎಂದ.

ಮಿಶ್ರಿಕೋಟಿಯಲ್ಲಿ ಮಗಳು ಬಾಗಿಲಿಗೆ ಬಂದಳು. ಕಾಕಾ ತೀರಿಕೊಂಡು ಇನ್ನೂ ನಲವತ್ತು ದಿನ ಆಗಿರಲಿಲ್ಲ. ಕಟ್ಟೆಯ ಮೇಲೆ ಕೂತು, ಒಂದನ್ನೂ ಬಿಡದೆ ಆಕೆಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ನಮ್ಮ ಅಬ್ಬಾ ನಮಗೂ ಹೇಳಲಿಲ್ರಿ. ನಂದ ತಪ್ಪು, ನಂದ ತಪ್ಪು ಅಂತಿದ್ದ. ನಾನೂ ಒಂದಿನ ಸಿಟ್ಟಿಗೆದ್ದು, ನಿನ್ನ ಕೈ ಕೆಟ್ಟೈತಿ, ಮೂಕ ಪ್ರಾಣಿ ಕೊಂದಿ, ಇನ್ನ ಸುತ್ತಿಗಿ ಮುಟ್ಟಬ್ಯಾಡ ಅಂದುಬಿಟ್ಟೆ. ಸುಮ್ಮನ ಕೇಳಿಕೊಂಡ. ಮತ್ತ ಮುಟ್ಟಲೇ ಇಲ್ರಿ."

ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ, "ನೀವು ಸ್ವಲ್ಪ ಮೊದಲ ಬಂದಿದ್ರ..." ಎಂದು ಅಲ್ಲಿಗೇ ನಿಲ್ಲಿಸಿದಳು.

ಬರಬಹುದಿತ್ತು. ಹುಬ್ಬಳ್ಳಿಯಲ್ಲಿ ಒಂದು ಬಸ್ಸು ಬದಲಿಸಿದರೆ ಮಿಶ್ರಿಕೋಟಿ.